ಕಾಲೇಜಿನ ಲೈಸೆನ್ಸಿನಲ್ಲಿ ಮ್ಯಾಟ್‌ಲ್ಯಾಬ್: ಯಾರ ಹೆಸರಿಗೆ, ಯಾವ ಮಷೀನಿಗೆ, ಯಾವ ತಾರೀಖಿನವರೆಗೆ

ಗಣಿತ, ಇಂಜಿನಿಯರಿಂಗ್ ಲೆಕ್ಕಗಳಿಗೆ ಬಳಸುವ ಮ್ಯಾಟ್‌ಲ್ಯಾಬ್ ಸಾಫ್ಟ್‌ವೇರ್ ಬೇಕೆಂದ ಕೂಡಲೇ ಎಲ್ಲರೂ ಮೊದಲು ಹುಡುಕುವುದು ಡೌನ್‌ಲೋಡ್ ಲಿಂಕನ್ನು. ಅದು ಕೊನೆಗೆ ಮಾಡುವ ಕೆಲಸ. ಮೊದಲು ತಿಳಿಯಬೇಕಾದ್ದು ಮೂರು ವಿಷಯ: ಲೈಸೆನ್ಸ್ ಯಾರ ಹೆಸರಿಗಿದೆ, ಯಾವ ಮಷೀನಿಗಿದೆ, ಯಾವ ತಾರೀಖಿನವರೆಗಿದೆ. ಇನ್‌ಸ್ಟಾಲ್ ಆದ ಮೇಲೆ ಕಾಡುವ ಲೈಸೆನ್ಸ್ ಎರರ್‌ಗಳಲ್ಲಿ ಬಹುಪಾಲು ಈ ಮೂರರಲ್ಲಿ ಯಾವುದೋ ಒಂದು ತಾಳೆಯಾಗದೆ ಬಂದವೇ ಆಗಿರುತ್ತವೆ.

ಸಂಸ್ಥೆಗಳಲ್ಲಿ ಸಿಗುವ ಲೈಸೆನ್ಸ್ ಸ್ಥೂಲವಾಗಿ ಮೂರು ಬಗೆ. ಕ್ಯಾಂಪಸ್-ವೈಡ್ ಆದರೆ ವಿದ್ಯಾರ್ಥಿ ತನ್ನ ಸ್ವಂತ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಬಹುದು, ಮನೆಯಲ್ಲೂ ಬಳಸಬಹುದು. ಎರಡನೆಯದು ಲ್ಯಾಬಿನ ಇಂತಿಂಥ ಕಂಪ್ಯೂಟರ್‌ಗಳಿಗೇ ಕಟ್ಟಿದ ಲೈಸೆನ್ಸ್. ಅದು ಆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಮೂರನೆಯದರಲ್ಲಿ ಕಾಲೇಜಿನೊಳಗೊಂದು ಸರ್ವರ್ ಇರುತ್ತದೆ. ಸಾಫ್ಟ್‌ವೇರ್ ಎಷ್ಟು ಸಿಸ್ಟಂಗಳಲ್ಲಿ ಬೇಕಾದರೂ ಇರಲಿ, ಒಮ್ಮೆಗೆ ಇಷ್ಟು ಜನ ಮಾತ್ರ ತೆರೆಯಬಹುದು ಎಂದು ಆ ಸರ್ವರ್ ಎಣಿಸಿ ಕೊಡುತ್ತದೆ. ನಿಮ್ಮಲ್ಲಿರುವುದು ಯಾವುದೆಂದು ಲ್ಯಾಬ್ ಇನ್‌ಚಾರ್ಜ್ ಸರ್ ಅಥವಾ ಮೇಡಂ ಅವರನ್ನೇ ಕೇಳಿ. "ಮ್ಯಾಟ್‌ಲ್ಯಾಬ್ ಇದೆಯಾ ಸರ್?" ಎಂದು ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. "ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಳ್ಳೋ ಲೈಸೆನ್ಸ್ ಏನ್ರಿ ಸರ್, ಯಾವ ಟೂಲ್‌ಬಾಕ್ಸ್ ಅದಾವ, ಯಾವಾಗ ಮುಗೀತದ?" ಎಂದು ಕೇಳಿದರೆ ಬೇಕಾದ ಮೂರೂ ಉತ್ತರ ಒಂದೇ ಸಲಕ್ಕೆ ಸಿಗುತ್ತವೆ. ಟೂಲ್‌ಬಾಕ್ಸ್ ಎಂದರೆ ಒಂದೊಂದು ವಿಷಯಕ್ಕೆಂದು ಮ್ಯಾಟ್‌ಲ್ಯಾಬಿಗೆ ಸೇರಿಸಿಕೊಳ್ಳುವ ಭಾಗ.

ನಮ್ಮ ಭಾಗದಲ್ಲಿ ಇಲ್ಲೊಂದು ಗೊಂದಲ ಹೆಚ್ಚು. ಬಳ್ಳಾರಿ, ರಾಯಚೂರು, ಕೊಪ್ಪಳದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹಲವು ಬೆಳಗಾವಿಯ ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸೇರಿದವು. ಡಿಗ್ರಿ ಕಾಲೇಜುಗಳು ಆಯಾ ಜಿಲ್ಲೆಯ ರಾಜ್ಯ ವಿಶ್ವವಿದ್ಯಾಲಯಕ್ಕೆ ಸೇರಿರುತ್ತವೆ. ಐಐಐಟಿ ರಾಯಚೂರು, ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಇವೆಲ್ಲ ತಮ್ಮದೇ ಸ್ವತಂತ್ರ ಸಂಸ್ಥೆಗಳು. ಅಂಕಪಟ್ಟಿಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅದರ ಲೈಸೆನ್ಸ್ ತನ್ನಿಂದ ತಾನೇ ಸಂಯೋಜಿತ ಕಾಲೇಜಿಗೆ ಬರುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಲೈಸೆನ್ಸ್ ಒಪ್ಪಂದ ಖರೀದಿಸಿದ ಕ್ಯಾಂಪಸ್ಸಿನ ಹೆಸರಿಗಿರುತ್ತದೆ. ಬಳ್ಳಾರಿಯ ವಿಜಯನಗರ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದ ಜ್ಞಾನಸಾಗರ ಆವರಣದಲ್ಲಿ ಎಂಎಸ್ಸಿ ಓದುವವರು ವಿಶ್ವವಿದ್ಯಾಲಯದಲ್ಲಿ ಕೇಳಬೇಕು. ಊರಿನ ಸಂಯೋಜಿತ ಕಾಲೇಜಿನವರು ತಮ್ಮ ಕಾಲೇಜಿನಲ್ಲೇ ಕೇಳಬೇಕು.

ಖಚಿತ ಮಾಡಿಕೊಳ್ಳಲು ಇನ್ನೊಂದು ದಾರಿ ಸಂಸ್ಥೆಯ ಇಮೇಲ್. ಮ್ಯಾಟ್‌ಲ್ಯಾಬ್ ತಯಾರಿಸುವ ಕಂಪನಿ ಮ್ಯಾಥ್‌ವರ್ಕ್ಸ್‌ನ ಜಾಲತಾಣದಲ್ಲಿ ನಿಮ್ಮ ಸಂಸ್ಥೆಗೆ ಕ್ಯಾಂಪಸ್ ಲೈಸೆನ್ಸ್ ಇದೆಯೇ ಎಂದು ನೋಡುವ ಪುಟವಿದೆ. ಅಲ್ಲಿ ಸಾಮಾನ್ಯವಾಗಿ ಎಸಿ ಡಾಟ್ ಇನ್ ಅಥವಾ ಎಜು ಡಾಟ್ ಇನ್ ಎಂದು ಮುಗಿಯುವ ಸಂಸ್ಥೆಯ ಇಮೇಲ್ ಹಾಕಬೇಕು, ಜಿಮೇಲ್ ನಡೆಯುವುದಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಅಡ್ಮಿಷನ್ ಹೊತ್ತಿಗೇ ವಿದ್ಯಾರ್ಥಿಗೊಂದು ಇಮೇಲ್ ಮಾಡಿಟ್ಟಿರುತ್ತಾರೆ, ಅದನ್ನು ತೆರೆದವರೇ ಇರುವುದಿಲ್ಲ. ಸಾಫ್ಟ್‌ವೇರ್ ಬೇಕಾದ ದಿನ ಪಾಸ್‌ವರ್ಡ್ ರೀಸೆಟ್ ಮಾಡಲು ಹೋದರೆ ಒಟಿಪಿ ಯಾವುದೋ ಹಳೆಯ ನಂಬರಿಗೆ ಹೋಗುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ಆ ಇಮೇಲ್ ತೆರೆದು, ಫೋನ್ ನಂಬರ್ ಸರಿಮಾಡಿಸಿ, ಒಂದು ಮೇಲ್ ಕಳಿಸಿ, ಒಂದು ತರಿಸಿ ನೋಡಿ.

ಆಮೇಲೆ ಅದೇ ಇಮೇಲಿನಿಂದ ಮ್ಯಾಥ್‌ವರ್ಕ್ಸ್ ಖಾತೆ ತೆರೆಯಿರಿ. ದೃಢೀಕರಣದ ಮೇಲ್ ಇನ್‌ಬಾಕ್ಸಿಗೆ ಬರದಿದ್ದರೆ ಸ್ಪ್ಯಾಮ್ ನೋಡಿ. ಕ್ಯಾಂಪಸ್-ವೈಡ್ ಇದ್ದಲ್ಲಿ ಖಾತೆ ತೆರೆದೊಡನೆ ಲೈಸೆನ್ಸ್ ನಂಬರ್ ಅಲ್ಲೇ ಕಾಣುತ್ತದೆ. ಕಾಣದಿದ್ದರೆ, ಲ್ಯಾಬಿನವರು ಕೊಟ್ಟ ಆಕ್ಟಿವೇಶನ್ ಕೀಯನ್ನು ಖಾತೆಯೊಳಗಿನ ಲಿಂಕ್ ಅಡಿಷನಲ್ ಲೈಸೆನ್ಸ್ ಎಂಬಲ್ಲಿ ಹಾಕಬೇಕು. ಮೊದಲೇ ಜಿಮೇಲಿನಿಂದ ಟ್ರಯಲ್ ಖಾತೆ ತೆರೆದಿದ್ದರೆ ಎರಡೂ ಖಾತೆ ಕಲಸಿಕೊಳ್ಳುತ್ತವೆ. ಇನ್‌ಸ್ಟಾಲರ್‌ನಲ್ಲಿ ಯಾವ ಇಮೇಲಿನಿಂದ ಸೈನ್-ಇನ್ ಆಗಿದ್ದೀರಿ ಎಂಬುದನ್ನು ಕಣ್ಣಾರೆ ನೋಡಿಯೇ ಮುಂದೆ ಒತ್ತಿ.

ಈಗ ಡೌನ್‌ಲೋಡ್. ಮೊದಲು ಇಳಿಯುವುದು ಸಣ್ಣ ಇನ್‌ಸ್ಟಾಲರ್ ಮಾತ್ರ. ಅದನ್ನು ನಡೆಸಿದ ಮೇಲೆ ಉಳಿದದ್ದು ಬರುತ್ತದೆ. ಪ್ರಾಡಕ್ಟ್‌ಗಳ ಪಟ್ಟಿ ಬಂದಾಗ ಎಲ್ಲಕ್ಕೂ ಟಿಕ್ ಹಾಕುವುದು ನಾನು ಕಂಡ ದೊಡ್ಡ ವ್ಯರ್ಥ. ಎಲ್ಲವೂ ಸೇರಿದರೆ ಡಿಸ್ಕಿನಲ್ಲಿ 25 ಜಿಬಿಗೂ ಹೆಚ್ಚು ಹಿಡಿಯುತ್ತದೆ. ಮ್ಯಾಟ್‌ಲ್ಯಾಬ್ ಒಂದೇ ಆದರೆ ಸುಮಾರು 4 ಜಿಬಿ, ಬೇಕಾದ ನಾಲ್ಕಾರು ಟೂಲ್‌ಬಾಕ್ಸ್ ಸೇರಿಸಿದರೆ 5ರಿಂದ 8 ಜಿಬಿ ಸಾಕು. ಗಣಿತದವರಿಗೆ ಸಿಂಬಾಲಿಕ್ ಮ್ಯಾಥ್, ಆಪ್ಟಿಮೈಸೇಶನ್, ಸ್ಟಾಟಿಸ್ಟಿಕ್ಸ್ ಸಾಕು. ಇಲೆಕ್ಟ್ರಾನಿಕ್ಸ್, ಇಲೆಕ್ಟ್ರಿಕಲ್‌ನವರು ಸಿಮುಲಿಂಕ್ (ಬ್ಲಾಕ್ ಡಯಾಗ್ರಾಂ ಜೋಡಿಸಿ ಮಾಡೆಲ್ ನಡೆಸುವ ಭಾಗ), ಕಂಟ್ರೋಲ್ ಸಿಸ್ಟಂ, ಸಿಗ್ನಲ್ ಪ್ರೊಸೆಸಿಂಗ್ ಸೇರಿಸಿಕೊಳ್ಳಲಿ. ಬಿಟ್ಟದ್ದನ್ನು ಮುಂದೆ ಆಡ್-ಆನ್ಸ್ ಮೆನುವಿನಿಂದ ಹಾಕಿಕೊಳ್ಳಬಹುದು. ಲೆಕ್ಕ ಹೀಗಿದೆ: 8 ಎಂಬಿಪಿಎಸ್ ವೇಗ ಎಡೆಬಿಡದೆ ಸಿಕ್ಕರೂ 5 ಜಿಬಿ ಇಳಿಯಲು ಸುಮಾರು ಒಂದೂವರೆ ಗಂಟೆ ಬೇಕು, 30 ಜಿಬಿಗೆ ಎಂಟು ಗಂಟೆ ಮೀರುತ್ತದೆ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಯಾಕಿನ ಹಾಟ್‌ಸ್ಪಾಟಿನಲ್ಲಿ ಇದು ಆಗುವ ಕೆಲಸವಲ್ಲ.

ಮನೆಯಲ್ಲಿ ನೆಟ್ ಸಾಲದವರಿಗೆ ಒಳ್ಳೆಯ ಉಪಾಯವಿದೆ. ಇನ್‌ಸ್ಟಾಲರ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ, ಇನ್‌ಸ್ಟಾಲ್ ಮಾಡದೆ ಡೌನ್‌ಲೋಡ್ ಮಾತ್ರ ಮಾಡುವ ಆಯ್ಕೆಯಿದೆ. ಕಾಲೇಜಿನ ವೈಫೈಯಲ್ಲಿ ಕೂತು ಅದನ್ನು ಪೆನ್ ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡು ಬನ್ನಿ. ಪೆನ್ ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಕೂರುವುದಿಲ್ಲ. ಮೊದಲೇ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಮನೆಯಲ್ಲಿ ಆ ಫೋಲ್ಡರಿನಿಂದ ಸೆಟಪ್ ನಡೆಸಿದರೆ ಸೈನ್-ಇನ್ ಮತ್ತು ಆಕ್ಟಿವೇಶನ್‌ಗೆ ಮಾತ್ರ ಇಂಟರ್ನೆಟ್ ಬೇಕು. ಅಷ್ಟಕ್ಕೆ ಹಾಟ್‌ಸ್ಪಾಟ್ ಧಾರಾಳ. ಇನ್‌ಸ್ಟಾಲ್ ನಡೆಯುವಾಗ ಚಾರ್ಜ್ ತುಂಬಿರಲಿ. ನಡುವೆ ಕರೆಂಟ್ ಹೋಗಿ ಡೆಸ್ಕ್‌ಟಾಪ್ ಆರಿದರೆ ಅರೆಬರೆ ಫೋಲ್ಡರ್ ಉಳಿಯುತ್ತದೆ. ಅದರ ಮೇಲೇ ಮತ್ತೆ ಹಾಕದೆ, ಪೂರ್ತಿ ಅಳಿಸಿ ಮೊದಲಿನಿಂದ ಹಾಕಿ.

ಇಂಟರ್ನೆಟ್ಟೇ ಇಲ್ಲದ ಲ್ಯಾಬಿಗೆ ಹಾಕುವವರಿಗೆ ಎರಡು ವಸ್ತು ಬೇಕು: ಫೈಲ್ ಇನ್‌ಸ್ಟಾಲೇಶನ್ ಕೀ ಮತ್ತು ಲೈಸೆನ್ಸ್ ಫೈಲ್. ಎರಡನ್ನೂ ಲೈಸೆನ್ಸಿನ ಅಡ್ಮಿನಿಸ್ಟ್ರೇಟರ್ ಆಗಿರುವವರು ಮ್ಯಾಥ್‌ವರ್ಕ್ಸ್ ಜಾಲತಾಣದ ಲೈಸೆನ್ಸ್ ಸೆಂಟರಿನಿಂದ ತೆಗೆದುಕೊಡಬೇಕು. ವಿದ್ಯಾರ್ಥಿಯ ಖಾತೆಯಿಂದ ಇದಾಗದು.

ಪೇಟೆಯಲ್ಲಿ ಪೆನ್ ಡ್ರೈವಿನಲ್ಲಿ ಸಿಗುವ ಕ್ರ್ಯಾಕ್ ಕಾಪಿಯ ಬಗ್ಗೆ ಒಂದು ಮಾತು. ಅದನ್ನು ಹಾಕುವ ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತಾರೆ, ಅಲ್ಲಿಗೇ ಅದೇನೆಂದು ತಿಳಿಯಬೇಕು. ಯಾರೋ ತಿದ್ದಿದ ಫೈಲನ್ನು ಅಡ್ಮಿನಿಸ್ಟ್ರೇಟರ್ ಹಕ್ಕಿನಲ್ಲಿ ಓಡಿಸುವುದೆಂದರೆ ಬ್ಯಾಂಕಿನ ಪಾಸ್‌ವರ್ಡ್ ಇರುವ ಲ್ಯಾಪ್‌ಟಾಪನ್ನು ಅವರ ಕೈಗೆ ಕೊಟ್ಟಂತೆ. ಉಚಿತವಾಗಿ, ನ್ಯಾಯವಾಗಿ ಸಿಗುವ ದಾರಿಗಳು ಇರುವಾಗ ಅದರ ಅಗತ್ಯವೇ ಇಲ್ಲ.

ಎರರ್ ನಂಬರ್ ಓದುವುದು

ಲೈಸೆನ್ಸ್ ಎರರ್ ಬಂದಾಗ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ "ಓಪನ್ ಆಗ್ತಿಲ್ಲ" ಎಂದು ಬರೆಯುವ ಮೊದಲು, ಮೈನಸ್ ಚಿಹ್ನೆಯ ಪಕ್ಕದ ಅಂಕಿ ಓದಿ. ಕಾಯಿಲೆಯ ಹೆಸರು ಅಲ್ಲೇ ಬರೆದಿರುತ್ತದೆ.

ಮೈನಸ್ 9 ಎಂದರೆ ಹೆಸರಿನ ತಕರಾರು. ಆಕ್ಟಿವೇಟ್ ಮಾಡುವಾಗ ಕೊಟ್ಟ ವಿಂಡೋಸ್ ಯೂಸರ್‌ನೇಮ್ ಒಂದು, ಈಗ ಲಾಗಿನ್ ಆದದ್ದು ಇನ್ನೊಂದು. ಅಂಗಡಿಯವರು ವಿಂಡೋಸ್ ಹಾಕಿಕೊಡುವಾಗ ತಮಗೆ ತೋಚಿದ ಹೆಸರು ಇಟ್ಟಿರುತ್ತಾರೆ, ನಾವು ನಮ್ಮ ಹೆಸರು ಟೈಪ್ ಮಾಡುತ್ತೇವೆ. ಕಮಾಂಡ್ ಪ್ರಾಂಪ್ಟಿನಲ್ಲಿ ಹೂ-ಆಮ್-ಐ ಎಂಬ ಆಜ್ಞೆಯನ್ನು ಒಂದೇ ಪದವಾಗಿ (whoami) ಕೊಟ್ಟರೆ ಮೊದಲು ಕಂಪ್ಯೂಟರಿನ ಹೆಸರು, ಬ್ಯಾಕ್‌ಸ್ಲ್ಯಾಶ್ ಆದ ಮೇಲೆ ನಿಜವಾದ ಯೂಸರ್‌ನೇಮ್ ತೋರಿಸುತ್ತದೆ. ಆ ಕೊನೆಯ ಭಾಗವನ್ನೇ ಅಕ್ಷರ ತಪ್ಪದೆ ಕೊಟ್ಟು ಮತ್ತೆ ಆಕ್ಟಿವೇಟ್ ಮಾಡಿ. ಹೊಸ ಲ್ಯಾಪ್‌ಟಾಪಾದರೆ ಯೂಸರ್‌ನೇಮನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಸ್ಪೇಸ್ ಇಲ್ಲದೆ ಇಟ್ಟುಕೊಳ್ಳಿ. ಮುಂದೆ ಬರುವ ಅನೇಕ ತೊಂದರೆ ತಪ್ಪುತ್ತವೆ.

ಮೈನಸ್ 8 ಮಷೀನಿನ ತಕರಾರು. ಲೈಸೆನ್ಸ್ ಫೈಲಿನಲ್ಲಿ ಆ ಕಂಪ್ಯೂಟರಿನ ಹೋಸ್ಟ್ ಐಡಿ ಬರೆದಿರುತ್ತದೆ. ವಿಂಡೋಸ್‌ನಲ್ಲಿ ಅದು ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರ್ ಅಥವಾ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಸೀರಿಯಲ್ ಬದಲಾಗುತ್ತದೆ. ಮದರ್‌ಬೋರ್ಡ್ ಬದಲಾಯಿಸಿದರೆ ಮ್ಯಾಕ್ ವಿಳಾಸ ಬದಲಾಗುತ್ತದೆ. ಲೈಸೆನ್ಸಿನ ಮಟ್ಟಿಗೆ ಅದು ಬೇರೆಯೇ ಕಂಪ್ಯೂಟರ್. ಫಾರ್ಮ್ಯಾಟ್ ಮಾಡಿಸುವ ಮೊದಲು ಹೆಲ್ಪ್ ಮೆನುವಿನ ಲೈಸೆನ್ಸಿಂಗ್ ಒಳಗೆ ಡಿಆಕ್ಟಿವೇಟ್ ಒತ್ತಿಬಿಡಿ. ಮರೆತು ಫಾರ್ಮ್ಯಾಟ್ ಆಗಿಹೋಗಿದ್ದರೆ ಖಾತೆಗೆ ಹೋಗಿ ಹಳೆಯ ಮಷೀನನ್ನು ಪಟ್ಟಿಯಿಂದ ತೆಗೆಯಬಹುದು.

ಮೈನಸ್ 10 ತಾರೀಖಿನದು: ಅವಧಿ ಮುಗಿದಿದೆ. ಕ್ಯಾಂಪಸ್ ಲೈಸೆನ್ಸ್ ಸಾಮಾನ್ಯವಾಗಿ ವರ್ಷ ವರ್ಷ ನವೀಕರಣವಾಗುವಂಥದು. ಸಂಸ್ಥೆ ಹಣ ಕಟ್ಟಿದರೂ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಳೆಯ ತಾರೀಖಿನ ಫೈಲೇ ಕೂತಿರಬಹುದು. ಅದೇ ಲೈಸೆನ್ಸಿಂಗ್ ಮೆನುವಿನಲ್ಲಿ ಅಪ್‌ಡೇಟ್ ಕರೆಂಟ್ ಲೈಸೆನ್ಸಸ್ ಒತ್ತಿದರೆ ಹೊಸ ತಾರೀಖು ಬರುತ್ತದೆ. ಇಡೀ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುವ ಕೆಲಸವಿಲ್ಲ. ಮುಗಿಯುವ ತಾರೀಖನ್ನು ಪ್ರಾಜೆಕ್ಟ್ ಸಲ್ಲಿಕೆಯ ತಾರೀಖಿನ ಜೊತೆ ಇಟ್ಟು ನೋಡಿ. ನವೀಕರಣದ ಕಡತ ಮೇಜಿನಿಂದ ಮೇಜಿಗೆ ಹೋಗುವುದರೊಳಗೆ ಕೆಲವು ದಿನ ಖಾಲಿ ಬೀಳಬಹುದು. ಆ ದಿನಗಳು ವೈವಾ ಹೊತ್ತಿಗೇ ಬಂದರೆ ಏನು ಮಾಡುವುದೆಂದು ಮೊದಲೇ ಯೋಚಿಸಿರಬೇಕು.

ಹಳೆಯ ಲ್ಯಾಬ್ ಸಿಸ್ಟಂಗಳಲ್ಲಿ ಮೈನಸ್ 88 ಬರುವುದುಂಟು: ಗಡಿಯಾರ ಹಿಂದಕ್ಕೆ ಹೋಗಿದೆ ಎಂದರ್ಥ. ಮದರ್‌ಬೋರ್ಡಿನ ಗುಂಡಿಯಾಕಾರದ ಸಿಮಾಸ್ ಸೆಲ್ ಸತ್ತರೆ ಕರೆಂಟ್ ಹೋದಾಗೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆಗ ಬ್ರೌಸರಿನಲ್ಲಿ ಸೈನ್-ಇನ್ ಕೂಡ ಆಗುವುದಿಲ್ಲ, ಏಕೆಂದರೆ ಜಾಲತಾಣದ ಸರ್ಟಿಫಿಕೇಟ್ ಆ ತಾರೀಖಿಗೆ ಹೊಂದುವುದಿಲ್ಲ. ಸಿಆರ್2032 ಸೆಲ್ ಬದಲಾಯಿಸಿ ತಾರೀಖು ಸರಿಮಾಡಿ, ಅಷ್ಟೇ.

ಸರ್ವರ್‌ನಿಂದ ಹಂಚುವ ಲ್ಯಾಬಿನಲ್ಲಿ ಬೇರೆ ಅಂಕಿಗಳು. ಮೈನಸ್ 4 ಬಂದರೆ ಇದ್ದಷ್ಟೂ ಲೈಸೆನ್ಸ್ ಬೇರೆಯವರ ಕೈಯಲ್ಲಿದೆ. ಯಾರೋ ತೆರೆದಿಟ್ಟು ಊಟಕ್ಕೆ ಹೋಗಿರುತ್ತಾರೆ. ಮೈನಸ್ 15 ಎಂದರೆ ಸರ್ವರ್ ಸಿಗುತ್ತಿಲ್ಲ, ಮೈನಸ್ 96 ಎಂದರೆ ಸರ್ವರಿನ ಹೆಸರೇ ನೆಟ್‌ವರ್ಕಿಗೆ ಗೊತ್ತಾಗುತ್ತಿಲ್ಲ. ಸಾಮಾನ್ಯವಾಗಿ 27000ನೇ ಪೋರ್ಟಿನಲ್ಲಿ ಮಾತುಕತೆ ನಡೆಯುತ್ತದೆ, ಫೈರ್‌ವಾಲ್ ಅದನ್ನು ತಡೆದಿದೆಯೇ ನೋಡಿ. ವೆಂಡರ್ ಡೀಮನ್ ಎಂಬ ಎರಡನೆಯ ಪ್ರೋಗ್ರಾಂ ಬಳಸುವ ಪೋರ್ಟನ್ನೂ ಲೈಸೆನ್ಸ್ ಫೈಲಿನಲ್ಲಿ ಗೊತ್ತುಮಾಡಿ ಫೈರ್‌ವಾಲಿನಲ್ಲಿ ತೆರೆಯಬೇಕು. ಇಲ್ಲದಿದ್ದರೆ ಅದು ಪ್ರತಿ ಸಲ ಬೇರೆ ಪೋರ್ಟ್ ಹಿಡಿಯುತ್ತದೆ, ಸರ್ವರ್ ರೀಸ್ಟಾರ್ಟ್ ಆದಾಗ ಇದ್ದಕ್ಕಿದ್ದಂತೆ ಇಡೀ ಲ್ಯಾಬ್ ನಿಲ್ಲುತ್ತದೆ. ಈ ಬಗೆಯ ಲೈಸೆನ್ಸ್ ಮನೆಯಿಂದ ಸಿಗಬೇಕಾದರೆ ಕಾಲೇಜಿನ ವಿಪಿಎನ್ (ಹೊರಗಿನಿಂದ ಕಾಲೇಜಿನ ನೆಟ್‌ವರ್ಕಿಗೆ ಸೇರಿಸುವ ಸಂಪರ್ಕ) ಬೇಕು, ಇಲ್ಲವೇ ಅಡ್ಮಿನಿಸ್ಟ್ರೇಟರ್ ಬಿಟ್ಟಿದ್ದರೆ ಬಾರೋ ಮಾಡಿ, ಅಂದರೆ ಎರವಲು ಪಡೆದು, ಕೆಲವು ದಿನ ಲ್ಯಾಪ್‌ಟಾಪಿನಲ್ಲಿ ಒಯ್ಯಬಹುದು.

ಲ್ಯಾಪ್‌ಟಾಪಿನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಹೊಸ ಆವೃತ್ತಿ ಹಾಕುವ ಆಸೆ ಬಿಡಿ. ಬ್ರೌಸರಿನಲ್ಲೇ ನಡೆಯುವ ಮ್ಯಾಟ್‌ಲ್ಯಾಬ್ ಆನ್‌ಲೈನ್ ಇದೆ. ಕಾಲೇಜಿಗೆ ಲೈಸೆನ್ಸೇ ಇಲ್ಲದಿದ್ದರೂ, ಖಾತೆ ಇರುವ ಯಾರಿಗಾದರೂ ಅದರ ಮೂಲ ರೂಪ ತಿಂಗಳಿಗೆ 20 ಗಂಟೆ ಉಚಿತ. ವಾರಕ್ಕೊಂದು ಲ್ಯಾಬ್ ಅಭ್ಯಾಸಕ್ಕೆ ಅದು ಸಾಕಷ್ಟಾಯಿತು. ಕಲಿಯಲು ಸುಮಾರು ಎರಡು ಗಂಟೆಯ ಆನ್‌ರ‍್ಯಾಂಪ್ ಎಂಬ ಉಚಿತ ಪಾಠವೂ ಅಲ್ಲೇ ಇದೆ.

ಮೊದಲ ಪ್ರೋಗ್ರಾಂ: ತುಂಗಭದ್ರೆಯ ಒಳಹರಿವು

ತೆರೆದ ಕೂಡಲೇ ಕಮಾಂಡ್ ವಿಂಡೋದಲ್ಲಿ ವಿ-ಇ-ಆರ್ ಎಂಬ ಮೂರಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಲೈಸೆನ್ಸ್ ನಂಬರ್, ಆವೃತ್ತಿ, ಹಾಕಿರುವ ಟೂಲ್‌ಬಾಕ್ಸ್‌ಗಳ ಪಟ್ಟಿ ಬರುತ್ತದೆ. ಆಮೇಲೆ ಡಿ ಡ್ರೈವಿನಲ್ಲೋ ಡಾಕ್ಯುಮೆಂಟ್ಸ್‌ನಲ್ಲೋ ಸ್ವಂತ ಫೋಲ್ಡರ್ ಮಾಡಿ, ಅದನ್ನೇ ಕರೆಂಟ್ ಫೋಲ್ಡರ್ ಮಾಡಿಕೊಳ್ಳಿ. ಪ್ರೋಗ್ರಾಂ ಫೈಲ್ಸ್ ಒಳಗೆ ಸೇವ್ ಮಾಡಲು ವಿಂಡೋಸ್ ಬಿಡುವುದಿಲ್ಲ. ಫೈಲಿನ ಹೆಸರು ಅಂಕಿಯಿಂದ ಶುರುವಾಗಬಾರದು, ನಡುವೆ ಸ್ಪೇಸ್ ಇರಬಾರದು. ಫೈಲಿಗಾಗಲಿ ವೇರಿಯಬಲ್‌ಗಾಗಲಿ ಸಮ್, ಪ್ಲಾಟ್, ಮೀನ್ ಎಂದು ಹೆಸರಿಡಲೇಬಾರದು. ಇಟ್ಟರೆ ಒಳಗಿರುವ ಅದೇ ಹೆಸರಿನ ಫಂಕ್ಷನ್ ಮರೆಯಾಗುತ್ತದೆ. ನಿನ್ನೆ ಓಡಿದ ಪ್ರೋಗ್ರಾಂ ಇವತ್ತು ಓಡದೆ, ಸಮ್ ಬಳಸಿದ ಸಾಲಿನಲ್ಲಿ ಇಂಡೆಕ್ಸ್ ಮೀರಿದೆ ಎಂಬ ಎರರ್ ಬಂದರೆ, ಎಲ್ಲೋ ಸಮ್ ಎಂಬ ವೇರಿಯಬಲ್ ಹುಟ್ಟಿದೆ. ವಿಚ್ ಎಂಬ ಆಜ್ಞೆ ಆ ಹೆಸರು ಎಲ್ಲಿಂದ ಬರುತ್ತಿದೆ ಎಂದು ತೋರಿಸುತ್ತದೆ, ಕ್ಲಿಯರ್ ಅದನ್ನು ಅಳಿಸುತ್ತದೆ.

ಅಭ್ಯಾಸಕ್ಕೆ ಪುಸ್ತಕದ ಯಾವುದೋ ಮ್ಯಾಟ್ರಿಕ್ಸ್ ಬೇಡ. ಮಳೆಗಾಲದಲ್ಲಿ ನಮ್ಮ ಮೂರೂ ಜಿಲ್ಲೆಯ ಪತ್ರಿಕೆಗಳಲ್ಲಿ ದಿನವೂ ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು ಕ್ಯೂಸೆಕ್ ಲೆಕ್ಕದಲ್ಲಿ ಬರುತ್ತವೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡ್, ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಹಾಗಾಗಿ 11,574 ಕ್ಯೂಸೆಕ್ ಇಡೀ ದಿನ ಹರಿದರೆ ಸುಮಾರು ಒಂದು ಟಿಎಂಸಿ. ಏಳು ದಿನದ ಒಳಹರಿವು 12000, 18500, 26000, 31000, 28500, 22000, 16000 ಎಂದು ಇಟ್ಟುಕೊಳ್ಳಿ. ಚೌಕ ಆವರಣದಲ್ಲಿ ಬರೆದು, ಕೂಡಿಸಿ, 86400ರಿಂದ ಗುಣಿಸಿ, 100 ಕೋಟಿಯಿಂದ ಭಾಗಿಸಿದರೆ 13.3056 ಟಿಎಂಸಿ ಬರಬೇಕು.

ಇಷ್ಟು ಸಣ್ಣ ಲೆಕ್ಕದಲ್ಲೇ ಹೊಸಬರ ಮುಖ್ಯ ತಪ್ಪುಗಳೆಲ್ಲ ಎದುರಾಗುತ್ತವೆ. ಪತ್ರಿಕೆಯಲ್ಲಿದ್ದಂತೆ 12,000 ಎಂದು ಅಲ್ಪವಿರಾಮ ಹಾಕಿ ಬರೆದರೆ ಮ್ಯಾಟ್‌ಲ್ಯಾಬ್ ಅದನ್ನು 12 ಮತ್ತು 0 ಎಂಬ ಎರಡು ಸಂಖ್ಯೆ ಮಾಡಿಕೊಳ್ಳುತ್ತದೆ, ಎರರ್ ಕೊಡುವುದಿಲ್ಲ. ಕನ್ನಡ ಅಂಕಿ ಹಾಕಿದರೆ ಎರರ್ ಕೊಡುತ್ತದೆ. ವಾಟ್ಸ್‌ಆ್ಯಪಿನಿಂದ ಕಾಪಿ ಮಾಡಿದ ಕೋಡಿನಲ್ಲಿ ಉದ್ಧರಣ ಚಿಹ್ನೆಗಳು ಬಾಗಿದ ರೂಪಕ್ಕೆ ತಿರುಗಿರಬಹುದು, ಅವನ್ನು ಅಳಿಸಿ ಕೈಯಿಂದಲೇ ಹಾಕಿ.

ಎಲ್ಲಕ್ಕಿಂತ ಅಪಾಯದ್ದು ಮುಂದಿನದು. ಒಳಹರಿವನ್ನು ಕೈಯಿಂದ ಅಡ್ಡಸಾಲಾಗಿ ಬರೆದಿರುತ್ತೇವೆ, ಹೊರಹರಿವನ್ನು ಎಕ್ಸೆಲ್‌ನಿಂದ ತಂದಿರುತ್ತೇವೆ. ಅದು ಕಂಬಸಾಲಾಗಿ ಬರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಏಳು ಉತ್ತರ ಬರಬೇಕಲ್ಲವೇ? ಬರುವುದು 49. 2016ರ ಎರಡನೆಯ ಆವೃತ್ತಿಯಿಂದ ಮ್ಯಾಟ್‌ಲ್ಯಾಬ್ ಅಡ್ಡಸಾಲನ್ನೂ ಕಂಬಸಾಲನ್ನೂ ತಾನಾಗಿಯೇ ಹಿಗ್ಗಿಸಿ 7×7 ಮಾಡುತ್ತದೆ. ಅದಕ್ಕೂ ಹಿಂದಿನ ಆವೃತ್ತಿಯಾದರೆ ಎರರ್ ಕೊಟ್ಟು ನಿಲ್ಲುತ್ತಿತ್ತು. ಆದ್ದರಿಂದ ಪ್ರತಿ ಹೆಜ್ಜೆಗೂ ಸೈಜ್ ಆಜ್ಞೆ ಕೊಟ್ಟು ಎಷ್ಟು ಸಾಲು, ಎಷ್ಟು ಕಂಬ ಎಂದು ನೋಡಿ. ಉತ್ತರಕ್ಕೂ ಒಂದು ಮಿತಿ ಇಟ್ಟುಕೊಳ್ಳಿ: 1633 ಅಡಿ ತುಂಬಿದರೆ ಜಲಾಶಯದ ಸಾಮರ್ಥ್ಯ 105.788 ಟಿಎಂಸಿ. ಇಂಥ ಒಳಹರಿವಿನ ವಾರದ ಲೆಕ್ಕ ಅದನ್ನೂ ಮೀರಿದರೆ ತಪ್ಪಿರುವುದು ಕೋಡಿನಲ್ಲಿ, ಮುನಿರಾಬಾದಿನ ಅಣೆಕಟ್ಟಿನಲ್ಲಲ್ಲ.

ಇದು ಕೈಗೆ ಬಂದ ಮೇಲೆ ಕಮ್‌ಸಮ್ ಬಳಸಿ ದಿನದಿನಕ್ಕೆ ಕೂಡುತ್ತ ಹೋಗುವ ಸಂಗ್ರಹದ ಗ್ರಾಫ್ ಎಳೆಯಿರಿ. ಡಿಫರೆನ್ಷಿಯಲ್ ಈಕ್ವೇಶನ್ ಪಾಠಕ್ಕೂ ಇದೇ ಬುನಾದಿ: ಒಳಹರಿವಿನಿಂದ ಹೊರಹರಿವು ಕಳೆದರೆ ಸಂಗ್ರಹ ಬದಲಾಗುವ ದರ.

ಮನೆಯ ಆವೃತ್ತಿ ಹೊಸದು, ಲ್ಯಾಬಿನದು ಹಳೆಯದು ಇದ್ದಾಗ ಇನ್ನಷ್ಟು ತೊಡಕು. ವರ್ಷಕ್ಕೆ ಎ ಮತ್ತು ಬಿ ಎಂದು ಎರಡು ಆವೃತ್ತಿ ಬರುತ್ತವೆ. ಜೋಡಿ ಉದ್ಧರಣ ಚಿಹ್ನೆಯ ಸ್ಟ್ರಿಂಗ್ ಬಂದದ್ದು ಆರ್2017ಎ ನಲ್ಲಿ, ಸ್ಕ್ರಿಪ್ಟಿನ ಕೊನೆಗೆ ಫಂಕ್ಷನ್ ಬರೆಯಲು ಬಿಟ್ಟದ್ದು ಆರ್2016ಬಿ ಯಿಂದ. ಕನ್ನಡದಲ್ಲಿ ಕಾಮೆಂಟ್ ಬರೆಯುವವರು ಗಮನಿಸಿ: ಯುಟಿಎಫ್-8ರಲ್ಲಿ ಸೇವ್ ಆಗುವುದು ರೂಢಿಯಾದದ್ದು ಆರ್2020ಎ ಯಿಂದ. ಹಳೆಯದರಲ್ಲಿ ತೆರೆದರೆ ಅಕ್ಷರಗಳು ಕೆಡಬಹುದು. ಸಿಮುಲಿಂಕ್ ಮಾಡೆಲನ್ನು ಲ್ಯಾಬಿಗೆ ಒಯ್ಯುವ ಮೊದಲು ಹಿಂದಿನ ಆವೃತ್ತಿಗೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ತೆರೆಯುವುದೇ ಇಲ್ಲ.

ಮ್ಯಾಥಮ್ಯಾಟಿಕಾ ಎಂಬ ಇನ್ನೊಂದು ಗಣಿತದ ಸಾಫ್ಟ್‌ವೇರ್ ಇರುವ ಸಂಸ್ಥೆಯಲ್ಲೂ ದಾರಿ ಹೆಚ್ಚುಕಡಿಮೆ ಇದೇ: ಸಂಸ್ಥೆಯ ಇಮೇಲಿನಿಂದ ವುಲ್ಫ್ರಮ್ ಐಡಿ (ಅದರ ಕಂಪನಿಯ ಖಾತೆ), ಆಮೇಲೆ ಆಕ್ಟಿವೇಶನ್ ಕೀ. ಅಲ್ಲಿ ಎಂಟರ್ ಒತ್ತಿದರೆ ಹೊಸ ಸಾಲು ಬರುತ್ತದೆ, ಲೆಕ್ಕ ನಡೆಯಲು ಶಿಫ್ಟ್ ಹಿಡಿದು ಎಂಟರ್ ಒತ್ತಬೇಕು. ಫಂಕ್ಷನ್‌ಗಳ ಮೊದಲಕ್ಷರ ಕ್ಯಾಪಿಟಲ್, ಆವರಣ ಚೌಕ. ಬೆಳಿಗ್ಗೆ ಎಕ್ಸ್‌ಗೆ 5 ಎಂದು ಕೊಟ್ಟದ್ದು ಸಂಜೆವರೆಗೂ ಕರ್ನಲ್‌ನಲ್ಲಿ, ಅಂದರೆ ಒಳಗೆ ಲೆಕ್ಕ ಮಾಡುವ ಭಾಗದಲ್ಲಿ, ಕೂತಿರುತ್ತದೆ. ಸಮೀಕರಣದ ಉತ್ತರ ವಿಚಿತ್ರವಾಗಿ ಬಂದರೆ ಕರ್ನಲ್ ಕ್ವಿಟ್ ಮಾಡಿ ಮತ್ತೆ ನಡೆಸಿ.

ಲೈಸೆನ್ಸ್ ಖಾಲಿ ಬೀಳುವ ದಿನಗಳಿಗೆ ಮ್ಯಾಟ್‌ಲ್ಯಾಬಿನಂಥದೇ ಆದ ಆಕ್ಟೇವ್ ಸಾಫ್ಟ್‌ವೇರ್ ಹಾಕಿಟ್ಟುಕೊಳ್ಳಿ. ಅದು ಉಚಿತ, ಮತ್ತು ಮ್ಯಾಟ್‌ಲ್ಯಾಬಿನ ಸಾದಾ ಎಂ ಫೈಲ್‌ಗಳಲ್ಲಿ (ಪ್ರೋಗ್ರಾಂ ಬರೆದಿಟ್ಟ ಫೈಲ್‌ಗಳಲ್ಲಿ) ಹೆಚ್ಚಿನವು ಅದರಲ್ಲಿ ಹಾಗೆಯೇ ಓಡುತ್ತವೆ. ಆಕ್ಟೇವಿನಲ್ಲಿ ಬರೆದದ್ದು ಮ್ಯಾಟ್‌ಲ್ಯಾಬಿನಲ್ಲೂ ಓಡಬೇಕಾದರೆ ಕಾಮೆಂಟಿಗೆ ಹ್ಯಾಶ್ ಬದಲು ಶೇಕಡಾ ಚಿಹ್ನೆ ಬಳಸಿ, ಎಂಡ್‌ಇಫ್ ಬದಲು ಎಂಡ್ ಎಂದಷ್ಟೇ ಬರೆಯಿರಿ, ಪ್ಲಸ್-ಈಕ್ವಲ್ ಬಿಡಿ. ಸಿಮುಲಿಂಕ್ ಮಾತ್ರ ಆಕ್ಟೇವಿನಲ್ಲಿಲ್ಲ. ಬ್ಲಾಕ್ ಡಯಾಗ್ರಾಂ ಬೇಕೇ ಬೇಕೆಂದರೆ ಸೈಲ್ಯಾಬ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರಿನ ಎಕ್ಸ್‌ಕಾಸ್ ಇದೆ. ಸೈಲ್ಯಾಬ್ ಕಲಿಯಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ಗಳನ್ನು ನೋಡಿ.

ಕೋರ್ಸ್ ಮುಗಿಯುವ ತಿಂಗಳಲ್ಲಿ ಮರೆಯದೆ ಮಾಡಬೇಕಾದ ಕೆಲಸ ಕೆಲವಿವೆ. ಸಂಸ್ಥೆಯ ಇಮೇಲ್ ಮುಚ್ಚಿದರೆ ಆ ಖಾತೆಗೆ ಕಟ್ಟಿದ ಲೈಸೆನ್ಸೂ ಕೈತಪ್ಪುತ್ತದೆ, ಪಾಸ್‌ವರ್ಡ್ ರೀಸೆಟ್ ಮೇಲ್ ಕೂಡ ತಲುಪುವುದಿಲ್ಲ. ಖಾತೆಯ ಆನ್‌ಲೈನ್ ಸಂಗ್ರಹವಾದ ಮ್ಯಾಟ್‌ಲ್ಯಾಬ್ ಡ್ರೈವಿನಲ್ಲಿರುವ ಫೈಲ್‌ಗಳನ್ನೆಲ್ಲ ಇಳಿಸಿಕೊಳ್ಳಿ. ಲೈವ್ ಸ್ಕ್ರಿಪ್ಟ್‌ಗಳನ್ನು (ಕೋಡ್, ಉತ್ತರ ಒಟ್ಟಿಗೆ ಇರುವ ಫೈಲ್‌ಗಳನ್ನು) ಸಾದಾ ಎಂ ಫೈಲ್ ಆಗಿಯೂ ಪಿಡಿಎಫ್ ಆಗಿಯೂ ಉಳಿಸಿ. ಡೇಟಾವನ್ನು ರೈಟ್‌ಮ್ಯಾಟ್ರಿಕ್ಸ್ ಬಳಸಿ ಸಿಎಸ್‌ವಿ ಮಾಡಿ. ಅದನ್ನು ಎಕ್ಸೆಲ್, ಪೈಥಾನ್, ಆಕ್ಟೇವ್ ಮೂರೂ ಓದುತ್ತವೆ. ಕೊನೆಗೆ ಲೈಸೆನ್ಸಿಂಗ್ ಮೆನುವಿನಲ್ಲಿ ಡಿಆಕ್ಟಿವೇಟ್ ಒತ್ತಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ.